ರುಕ್ಮವ್ವ ಕಲಿತ ಇಂಗ್ಲಿಷ್ ಹೆಸರುಗಳು

ತಾಯಿ ಬಡಿಸಿದ ರೊಟ್ಟಿ ಮುರಿಯುತ್ತ, ತಾಯಿಯ ಎದುರಿಗೇ ಕೂತು, ತಾಯಿಗೆ ತಿಳಿಯದ ಹಾಗೆ ಮಾತಾಡಬೇಕೆಂದರೆ ಗಂಡುಮಕ್ಕಳಿಗೆ ಸ್ವಲ್ಪ ಗುಂಡಿಗೆ ಬೇಕು. ಐಗಳಿಯ ರುಕ್ಮವ್ವನ ಇಬ್ಬರು ಮಕ್ಕಳಿಗೆ ಅಂಥ ಗುಂಡಿಗೆ ಎಂಬತ್ತೊಂಬತ್ತರ ಸಂಕ್ರಾಂತಿಯ ಮುಂದೆ ಬಂತು.

ಹಿರಿಯವನು ರಾವಸಾಹೇಬ. ಮ್ಯಾಟ್ರಿಕ್ ತನಕ ಓದಿ ದ್ರಾಕ್ಷಿ ತೋಟಕ್ಕೆ ಬಿದ್ದವನು. ಔಷಧದ ಅಂಗಡಿಯವರ ಜೊತೆ, ಮಿರಜಿನ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಅವನ ನಾಲಗೆಗೆ ಒಂದಿಷ್ಟು ಇಂಗ್ಲಿಷ್ ಹತ್ತಿಕೊಂಡಿತ್ತು. ಕಿರಿಯವನು ಬಾಬಾಸಾಹೇಬ, ಚಿಕ್ಕೋಡಿಯ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ವಯಸ್ಸು ಮೂವತ್ತರ ಹತ್ತಿರ ಬಂದರೂ ಲಗ್ನವಾಗಿರಲಿಲ್ಲ. ನಿಪ್ಪಾಣಿ ಕಡೆಯ ಒಂದು ಸಂಬಂಧ ನಿಶ್ಚಯವಾಗಿ ಮುರಿದಿತ್ತು. ಒಮ್ಮೆ ಮುರಿದ ಮನೆಗೆ ಹೆಣ್ಣು ಕೊಡುವವರು ಹತ್ತು ಸಲ ಯೋಚನೆ ಮಾಡುತ್ತಾರೆ.

ಒಬ್ಬ ತೋಟದ ಆ ತುದಿಗೆ ಔಷಧ ಹೊಡೆಸುತ್ತ, ಇನ್ನೊಬ್ಬ ಈ ತುದಿಗೆ ನೀರು ತಿರುವುತ್ತ ದಿನ ಕಳೆಯುತ್ತಿದ್ದ ಅಣ್ಣತಮ್ಮರು ಒಂದೆಡೆ ಕೂಡುವುದು ಮಧ್ಯಾಹ್ನದ ಊಟಕ್ಕೆ ಮಾತ್ರ, ದ್ರಾಕ್ಷಿ ಹಂದರದ ಕೆಳಗೆ. ಬುತ್ತಿ ಹೊತ್ತು ತರುವವಳು ರುಕ್ಮವ್ವ. ಮನೆಯ ಎಷ್ಟೋ ಕೆಲಸ ಸೊಸೆಗೆ ಬಿಟ್ಟುಕೊಟ್ಟಿದ್ದರೂ ಇದೊಂದನ್ನು ಕೊಟ್ಟಿರಲಿಲ್ಲ.

"ಲ್ಯಾಂಡ್ ಛಲೋ ಐತಿ. ಹೌಸೂ ನೋಡಿ ಬಂದೀನಿ," ಎಂದ ರಾವಸಾಹೇಬ ಜುಣಕದ ಮೇಲೆ ಉಳ್ಳಾಗಡ್ಡಿ ಒಡೆಯುತ್ತ.

"ಮದರ್‌ಗೆ ಹೇಳಿಯೇನ?" ತಮ್ಮ ತಲೆ ಎತ್ತದೆ ಕೇಳಿದ.

"ಹುಚ್ಚ ಅದಿಯೇನ? ಎಲ್ಲಾ ಗಟ್ಟಿ ಆಗೂತನಾ ಮದರ್‌ಗೆ ಹೇಳೂದ ಬ್ಯಾಡ."

ಇವರ ಇಂಗ್ಲಿಷಿನಲ್ಲಿ ಇದ್ದದ್ದು ಬರೀ ಹೆಸರುಗಳು. ನೋಡುವುದು, ಕೊಡುವುದು, ಹೇಳುವುದು, ಮುಚ್ಚಿಡುವುದು, ಈ ಎಲ್ಲ ಕೆಲಸಕ್ಕೂ ಕನ್ನಡವೇ ದುಡಿಯಬೇಕಿತ್ತು. ಹಾಗಾಗಿ ಏನೋ ಛಲೋ ಇದೆ, ಏನನ್ನೋ ನೋಡಿ ಬಂದಿದ್ದಾರೆ, ಯಾರಿಗೋ ಹೇಳಬಾರದು ಎಂಬುದೆಲ್ಲ ರುಕ್ಮವ್ವನಿಗೆ ತಿಳಿಯಿತು. ಏನು, ಯಾರು ಎಂಬುದಷ್ಟೇ ತಿಳಿಯಲಿಲ್ಲ. ಏನೂ ತಿಳಿಯದಿದ್ದರೆ ಸುಮ್ಮನಿರುತ್ತಿದ್ದಳು. ಅರ್ಧ ತಿಳಿದದ್ದು ಹೊಟ್ಟೆಯಲ್ಲಿ ಹಿಟ್ಟಿನ ಮುದ್ದೆಯಂತೆ ಕೂತುಬಿಟ್ಟಿತು.

ಸಂಜೆ ರಾವಸಾಹೇಬನ ಮಗಳು ಕಸ್ತೂರಿ ಕಟ್ಟೆಯ ಮೇಲೆ ಪುಸ್ತಕ ಹರವಿಕೊಂಡಿದ್ದಳು. ಹದಿಮೂರರ ಹುಡುಗಿ, ಏಳನೆತ್ತ, ಎಂದರೆ ಏಳನೇ ತರಗತಿ, ಮುಂದೆ ಪರೀಕ್ಷೆ. ರುಕ್ಮವ್ವ ಮೊರದ ತುಂಬ ಶೇಂಗಾ ತಂದು ಮಗ್ಗುಲಿಗೆ ಕೂತು ಒಡೆಯತೊಡಗಿದಳು.

"ಕಸ್ತೂರಿ, ಮದರ್ ಅಂದ್ರ ಏನ?"

"ಅವ್ವ."

"ಯಾರ ಅವ್ವ?"

"ಯಾರ ಅವ್ವ ಆದ್ರೂ ಮದರೇ ಆಯಿ. ನನಗ ನಮ್ಮವ್ವ ಮದರ್. ನಮ್ಮಪ್ಪಗ ನೀ ಮದರ್."

ರುಕ್ಮವ್ವನ ಕೈಯಲ್ಲಿದ್ದ ಶೇಂಗಾ ಒಡೆಯಲಿಲ್ಲ. ಹೇಳಬಾರದ್ದು ತನಗೇ!

"ಮತ್ತ ಲ್ಯಾಂಡ್?"

"ಭೂಮಿ. ಯಾಕ ಆಯಿ, ಸಾಲಿಗೆ ಹೋಗಾಕಿ ಏನ?" ಹುಡುಗಿ ನಕ್ಕಳು. "ನಿನಗ ಇಂಗ್ಲಿಷ್ ಆಗಲೇ ಬರತೈತಿ ಗೊತ್ತೇನ? ಬಸ್ಸು, ಮೋಟರು, ಪಂಪು, ಪೈಪು, ಗ್ಲಾಸು, ಬಲ್ಬು, ಎಲ್ಲಾ ಇಂಗ್ಲಿಷ್."

"ಬಲ್ಬು ಇಂಗ್ಲಿಷ? ಹಂಗಾರ ಕನ್ನಡದಾಗ ಏನಂತಾರ?"

ಹುಡುಗಿಗೆ ಹೊಳೆಯಲಿಲ್ಲ. ಇಬ್ಬರೂ ನಕ್ಕರು. ನಕ್ಕರೂ ರುಕ್ಮವ್ವನ ಎದೆ ಹಗುರಾಗಲಿಲ್ಲ. ಲ್ಯಾಂಡ್ ಎಂದರೆ ಭೂಮಿ, ಹೌಸ್ ಎಂದರೆ ಮನೆ, ಮದರ್ ಎಂದರೆ ತಾನು. ಮಕ್ಕಳು ಭೂಮಿ ಮನೆಯ ಮಾತಾಡುತ್ತಿದ್ದಾರೆ, ತಾಯಿಗೆ ಮುಚ್ಚಿಡುತ್ತಿದ್ದಾರೆ. ಇದಕ್ಕೆ ಪಾಲು ಎನ್ನದೆ ಇನ್ನೇನು ಅನ್ನಬೇಕು?

"ನಾ ಕಲಿಯೂದ ನಿಮ್ಮಪ್ಪಗ, ಕಾಕಾಗ ಹೇಳಬ್ಯಾಡ. ನಗ್ತಾರ," ಎಂದಳು.

ಅಂದಿನಿಂದ ಅಜ್ಜಿ ಮೊಮ್ಮಗಳ ಶಾಲೆ ಸುರುವಾಯಿತು. ಕಸ್ತೂರಿಗೆ ಅದು ಭಾರಿ ಖುಷಿ. ಮನೆಯಲ್ಲಿ ಅವಳ ಓದನ್ನು ಕೇಳುವವರು ಇರಲಿಲ್ಲ, ಈಗ ಒಬ್ಬಳು ಶಿಷ್ಯೆ ಸಿಕ್ಕಿದ್ದಳು. ತೋಟದಿಂದ ಬಂದ ಶಬ್ದಗಳ ಜೊತೆ ತನ್ನವೂ ನಾಲ್ಕು ಸೇರಿಸಿ ಕೊಡುತ್ತಿದ್ದಳು. ರುಕ್ಮವ್ವ ಎಮ್ಮೆ ಹಿಂಡುತ್ತ "ಮಿಲ್ಕ್, ಮಿಲ್ಕ್" ಎನ್ನುವಳು. ಒಲೆಗೆ ಕಟ್ಟಿಗೆ ಒಟ್ಟುತ್ತ "ಫಾಯರ್" ಎನ್ನುವಳು. ಸೊಸೆ ಗಿರಿಜವ್ವ ಕೇಳಿಸಿಕೊಂಡು, "ಅತ್ತಿ, ಯಾವ ದೇವರ ಜಪರಿ ಇದು?" ಎಂದರೆ, "ನಿನಗ ಯಾಕ ಬೇಕ? ರೊಟ್ಟಿ ಹೊತ್ತೈತಿ ನೋಡ," ಎಂದು ಗದರುವಳು.

ಕಲಿತಷ್ಟೂ ಹೆದರಿಕೆ ಹೆಚ್ಚಾಯಿತು. ರುಕ್ಮವ್ವ ಟ್ರಂಕಿನ ಕೀಲಿಕೈಯನ್ನು ಸೆರಗಿನ ಗಂಟಿನಿಂದ ತೆಗೆದು ಕೊರಳ ದಾರಕ್ಕೆ ಕಟ್ಟಿಕೊಂಡಳು. ತುಪ್ಪದ ಗಡಿಗೆಯನ್ನು ತನ್ನ ಕೋಣೆಗೆ ಒಯ್ದಿಟ್ಟಳು.

"ಹುಡುಗಿಗೆ ಒಂದ ಚಮಚಾ ತುಪ್ಪ ಬೇಕಾದ್ರ ನಿಮ್ಮ ಕೋಲಿ ಬಾಗಲಾ ಬಡೀಬೇಕೇನ್ರಿ?" ಗಿರಿಜವ್ವ ತಡೆಯದೆ ಕೇಳಿದಳು.

"ಬಡಿ. ಕೈ ಸವಿಯಂಗಿಲ್ಲ."

"ನಾ ಏನ ಕದ್ದೀನಿ ಅಂತ ಹೇಳಿಬಿಡ್ರಿ ಅತ್ತಿ."

"ಯಾರ ಏನ ಕದ್ದಾರ ನನಗ ಎಲ್ಲಾ ಗೊತ್ತೈತಿ," ಎಂದು ಮುದುಕಿ ಒಳಗೆ ಹೋದಳು. ಗೊತ್ತಿದ್ದದ್ದು ಮೂರು ಹೆಸರು. ಸಿಟ್ಟು ಮಾತ್ರ ಮೂವತ್ತು ಹೆಸರಿಗೆ ಸಾಲುವಷ್ಟು.

ಸಂಕ್ರಾಂತಿಗೆ ಕರೋಶಿಯಿಂದ ಮಗಳು ಅಕ್ಕವ್ವ ಬಂದಳು. ಬಂದವಳೇ ಕಸ್ತೂರಿಯ ಬಾಯಿಗೆ ಎಳ್ಳುಬೆಲ್ಲ ಹಾಕಿ, "ನನ್ನ ಸೊಸಿ ಎಷ್ಟ ಎತ್ತರ ಆಗ್ಯಾಳ!" ಎಂದು ನೆಟಿಗೆ ಮುರಿದಳು. ಕಸ್ತೂರಿಯನ್ನು ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಹೆಸರು ಊದಿದ ಸೋದರತ್ತೆ ಅವಳೇ. ಹೆಸರಿಟ್ಟ ಅತ್ತೆಗೆ ಕೂಸಿನ ಮೇಲೆ ಹಕ್ಕು ಎಂದು ಆ ಕಡೆಯ ಮಂದಿ ಅರ್ಧ ಚೇಷ್ಟೆ, ಅರ್ಧ ಖರೆ ಅನ್ನುತ್ತಾರೆ. ಅಕ್ಕವ್ವನ ಮಗ ಧರೆಪ್ಪನಿಗೆ ಕಸ್ತೂರಿ ಎಂದು ಆ ದಿನ ತೊಟ್ಟಿಲ ಮುಂದೆ ಅಂದವಳು ರುಕ್ಮವ್ವನೇ. ಈಗಲೂ ಮಗಳ ಮಾತಿಗೆ ಬಾಯಿ ತುಂಬ ನಕ್ಕಳು. ಗಿರಿಜವ್ವ ನಗಲಿಲ್ಲ, ಹೋಳಿಗೆಯ ಹಂಚಿನ ಕಡೆ ತಿರುಗಿದಳು. ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಅಕ್ಕವ್ವ ಊರಿಗೆ ಹೋದ ಮರುದಿನವೇ ಹಂದರದ ಕೆಳಗೆ ಹೊಸ ಶಬ್ದ ಬಂತು. ಸಿಸ್ಟರ್. ದವಾಖಾನೆಯಲ್ಲಿ ಸೂಜಿ ಚುಚ್ಚುವವಳನ್ನು ಸಿಸ್ಟರ್ ಅನ್ನುವುದು ರುಕ್ಮವ್ವನಿಗೂ ಗೊತ್ತಿತ್ತು. ಆದರೆ ಕಸ್ತೂರಿ, "ಅಕ್ಕ ತಂಗಿಗೂ ಸಿಸ್ಟರ್ ಅಂತಾರ ಆಯಿ," ಎಂದಾಗ ಮುದುಕಿ ಅದಕ್ಕೂ ಪಾಲಿನ ಅರ್ಥವನ್ನೇ ಹಚ್ಚಿದಳು. ಹಾಗಾದರೆ ಅಕ್ಕವ್ವನನ್ನೂ ಎಳೆದಿದ್ದಾರೆ. ತವರಿನ ಭೂಮಿ ಬೇಡ ಎಂದು ಅವಳ ಸಹಿ ತೆಗೆದುಕೊಳ್ಳುವ ಹುನ್ನಾರ. ಪಾಲಾದ ಮೇಲೆ ತಾನು ಯಾರ ಒಲೆಯ ಮುಂದೆ ಕೂರಬೇಕು? ಓಣಿಯಲ್ಲಿ ಜನಾಬಾಯಿ ಹದಿನೈದು ದಿನಕ್ಕೊಮ್ಮೆ ಹಾಸಿಗೆ ಸುತ್ತಿಕೊಂಡು ಒಬ್ಬ ಮಗನ ಮನೆಯಿಂದ ಇನ್ನೊಬ್ಬನ ಮನೆಗೆ ಹೋಗುವುದನ್ನು ಅವಳು ಕಂಡಿದ್ದಳು.

ಆ ಸಂಜೆ ಊಟದ ನಡುವೆ ರುಕ್ಮವ್ವ ಸಾರಿನ ಸೌಟನ್ನು ನೆಲಕ್ಕೆ ಕುಕ್ಕಿದಳು.

"ನನ್ನ ಜೀವ ಇರೂತನಾ ಈ ಮನ್ಯಾಗ ನಡುವ ಗ್ವಾಡಿ ಏಳಂಗಿಲ್ಲ. ಹೇಳಿಟ್ಟಿರ್ತೀನಿ!"

"ಯಾವ ಗ್ವಾಡಿ ಬೇ?" ರಾವಸಾಹೇಬ ಕಣ್ಣುಕಣ್ಣು ಬಿಟ್ಟ.

"ಪಾಲಿನ ಗ್ವಾಡಿ! ನಾ ಕಿವುಡಿ ಅಲ್ಲ."

ಅಣ್ಣತಮ್ಮರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಇಬ್ಬರಿಗೂ ಸಮಾಧಾನದ ನಗು ಬಂತು. ಕಿರಿಯವನು ತಾಯಿಯ ಕೈ ಹಿಡಿದು, "ಪಾಲಂತ ಯಾರ ಹೇಳ್ಯಾರವ್ವ? ನಿನ್ನಾಣಿ, ಅಂಥಾದ್ದ ಏನೂ ಇಲ್ಲ," ಎಂದ. ಆಣೆಯನ್ನು ರುಕ್ಮವ್ವ ನಂಬಿದಳು. ಆ ನಗುವನ್ನು ನಂಬಲಿಲ್ಲ. ಪಾಲಲ್ಲದಿದ್ದರೆ ಮತ್ತೇನು?

ಕೆಲವು ದಿನ ಅಣ್ಣತಮ್ಮರು ಹುಷಾರಾಗಿದ್ದರು. ಗೊನೆಗಳು ರಸ ತುಂಬಿ ಬಾಗಿದವು, ಹಕ್ಕಿ ಕಾಯಲು ಆಳುಗಳು ಡಬ್ಬಿ ಬಡಿಯತೊಡಗಿದರು. ಆ ಸದ್ದಿನ ನಡುವೆ ಮತ್ತೆ ಇಂಗ್ಲಿಷ್ ಹೆಸರುಗಳು ಬಿದ್ದವು, ಈ ಸಲ ನಾಲ್ಕಾರು ಒಟ್ಟಿಗೇ. ಹುಡುಗಿಯ ಹಾಗೆ ರುಕ್ಮವ್ವನಿಗೆ ಬರೆದಿಟ್ಟುಕೊಳ್ಳಲು ಬರುತ್ತಿರಲಿಲ್ಲ. ಬುತ್ತಿಯ ಬುಟ್ಟಿ ಹೊತ್ತು ಬದುವಿನ ಮೇಲೆ ನಡೆಯುತ್ತ ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಬಂದಳು. ಎದುರಿಗೆ ಬಂದವರು ಮಾತಾಡಿಸಿದರೆ ಮರೆತೀತೆಂದು ತಲೆ ಮಾತ್ರ ಅಲ್ಲಾಡಿಸಿದಳು.

"ಗರ್ಲ್," ಎಂದಳು ಕಟ್ಟೆಗೆ ಬಂದು ಕೂತವಳೇ.

"ಹುಡುಗಿ."

"ಏಜ್."

"ವಯಸ್ಸ."

"ರಿಂಗ್. ಸಂಡೇ."

"ರಿಂಗ್ ಅಂದ್ರ ಉಂಗುರ. ಸಂಡೇ ಐತವಾರ. ಯಾರ ಅಂದ್ರ ಆಯಿ ಇದನ್ನ? ಹೆಂಗ ಅಂದ್ರ? ಪೂರಾ ಹೇಳ."

ರುಕ್ಮವ್ವನಿಗೆ ಪೂರ್ತಿ ನೆನಪಿತ್ತು. ಮಕ್ಕಳ ದನಿಯನ್ನೇ ಅನುಕರಿಸಿ ಹೇಳಿದಳು. "ನಿಮ್ಮಪ್ಪ ಅಂದ: ಗರ್ಲ್‌ದ ಏಜ್ ಭಾಳ ಸಣ್ಣದಾತೇನೋ. ನಿಮ್ಮ ಕಾಕಾ ಅಂದ: ಅವರ ಒಪ್ಪ್ಯಾರಲ್ಲ, ಬಾಯ್‌ದ ಸಿಸ್ಟರ್‌ನ ನನಗ ಕೊಡ್ತಾರ. ಸಂಡೇ ರಿಂಗ್ ತೊಗೊಂಡ ಬರ್ತಾರ. ಅಕ್ಕವ್ವನ್ನ ಯಾರ ಯಾರಿಗೆ ಕೊಡ್ತಾರ? ಆಕೀನ ಕೊಟ್ಟ ಇಪ್ಪತ್ತೈದ ವರ್ಷ ಆತು. ನನಗಂತೂ ತಲಿಗೆ ಹೋಗವಲ್ದು."

ಕಸ್ತೂರಿ ಪುಸ್ತಕ ಮುಚ್ಚಿದಳು.

"ಬಾಯ್ ಅಂದ್ರ ಏನ ಬೇ?"

"ಹುಡುಗ," ಎಂದಳು ಹುಡುಗಿ ಬಹಳ ಸಣ್ಣ ದನಿಯಲ್ಲಿ. "ಆಯಿ, ಈ ಮನ್ಯಾಗ ಗರ್ಲ್ ಅಂದ್ರ ಯಾರ ಅದಾರ? ನಾ ಒಬ್ಬಾಕೀನ."

ಸಾಟಾಲೋಟಾ. ಆ ಮನೆಯ ಹೆಣ್ಣು ಈ ಮನೆಗೆ, ಈ ಮನೆಯ ಹೆಣ್ಣು ಆ ಮನೆಗೆ. ಕಸ್ತೂರಿಯನ್ನು ಕೊಟ್ಟು ಬಾಬಾಸಾಹೇಬನಿಗೆ ಹೆಂಡತಿಯನ್ನು ತರುವುದು. ಛಲೋ ಇದ್ದ ಭೂಮಿ ಬೀಗರದು, ನೋಡಿ ಬಂದ ಮನೆ ಬೀಗರದು.

ನಿಜ ಹೇಳಬೇಕೆಂದರೆ ರುಕ್ಮವ್ವನಿಗೆ ಮೊದಲು ಆದದ್ದು ಸಮಾಧಾನ. ಪಾಲಲ್ಲ! ತನ್ನ ಹಾಸಿಗೆ ತನ್ನ ಕೋಣೆಯಲ್ಲೇ ಇರುತ್ತದೆ! ತಿಂಗಳಿಂದ ಹಿಡಿದಿಟ್ಟ ಉಸಿರು ಬಿಟ್ಟು ಮೊಮ್ಮಗಳ ಮುಖ ನೋಡಿದಳು. ನೋಡಿದ್ದೇ ಆ ಉಸಿರಿಗೆ ನಾಚಿಕೆಯಾಯಿತು. ಹುಡುಗಿಯ ಗದ್ದ ನಡುಗುತ್ತಿತ್ತು. ಮಗುವಿನ ಬಾಯಿಂದಲೇ ಮಗುವಿನ ಸುದ್ದಿ ಹೇಳಿಸಿದ್ದೆನಲ್ಲ, ಒಂದೊಂದೇ ಹೆಸರು ತಂದು ತಂದು ಇವಳ ಉಡಿಗೆ ಹಾಕಿದ್ದೆನಲ್ಲ ಎಂದು ಕರುಳು ಚುರ್ ಎಂದಿತು.

"ಅಳಬ್ಯಾಡ. ನಾ ಬಿಡಂಗಿಲ್ಲ. ನೀ ನಮ್ಮ ಅಕ್ಕವ್ವನ ಮನಿಗೆ ಹೋಗಾಕಿ. ಧರೆಪ್ಪಗ ಅಂತ ನಾ ಅಂದ ಮಾತೈತಿ. ಇವರ್ಯಾರ ಬ್ಯಾರೇದವರಿಗೆ ಕೊಡಾಕ?"

ಕಸ್ತೂರಿ ಅಜ್ಜಿಯನ್ನೇ ದಿಟ್ಟಿಸಿದಳು. "ನೀನೂ ಹಂಗ ಅಂತಿ?" ಎಂದಳು. "ಎಂಟನೆತ್ತಕ್ಕ ಹೋಗ್ತಿಯೇನಂತ ಯಾರೂ ಕೇಳಂಗಿಲ್ಲೇನ ಆಯಿ?" ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಅವತ್ತು ಅವಳು ಊಟ ಮಾಡಲಿಲ್ಲ. ಮರುದಿನ ಅಜ್ಜಿ ಕಟ್ಟೆಗೆ ಬಂದರೆ ಹುಡುಗಿ ಎದ್ದು ಹಿತ್ತಲಿಗೆ ಹೋದಳು.

ಐತವಾರ ಹತ್ತಿರ ಬರುತ್ತಿತ್ತು. ಮಕ್ಕಳು ಬಾಯಿ ಬಿಡಲಿಲ್ಲ. ಬೀಗರ ಎದುರು ಅವ್ವ ಎದುರಾಡುವುದಿಲ್ಲ, ಬಂದು ಕೂತ ಮೇಲೆ ಹೇಳಿದರಾಯಿತು ಎಂಬುದು ಅವರ ಲೆಕ್ಕವೆಂದು ರುಕ್ಮವ್ವನಿಗೆ ಗೊತ್ತಾಯಿತು. ಒಲೆಯ ಮುಂದೆ ಸೊಸೆಯ ಮಗ್ಗುಲಿಗೆ ಹೋಗಿ ಕೂತಳು. ಗಿರಿಜವ್ವ ಹಿಟ್ಟು ನಾದುತ್ತಿದ್ದಳು.

"ನಿನಗ ಗೊತ್ತಿತ್ತೇನ?"

ಏನು ಎಂದು ಗಿರಿಜವ್ವ ಕೇಳಲಿಲ್ಲ. ಕಣ್ಣು ತುಂಬಿದವು. "ಗೊತ್ತಿತ್ರಿ."

"ಹಡದಾಕಿ ನೀ. ನನಗ ಒಂದ ಮಾತ ಹೇಳಬಾರದಾ?"

"ಹೇಳಿದ್ರ ನೀವೇನ ಮಾಡ್ತಿದ್ರಿ? ನಿಮ್ಮ ಮಗಳಿಗೆ ಹೇಳಿ ಕಳಸ್ತಿದ್ರಿ. ಅವರ ಮಗನ್ನ ಕರಕೊಂಡ ಬರ್ತಿದ್ರ. ಅದಕ್ಕ ಹೆದರಿ ಇವರ ನಿಮಗ ಮುಚ್ಚಿಟ್ಟಾರ." ಸೊಸೆ ಹಿಟ್ಟಿನ ಕೈಯಿಂದಲೇ ಮೂಗು ಒರೆಸಿಕೊಂಡಳು. "ನೀವು ಕರೋಶಿ ಅಂತೀರಿ, ಇವರು ಪಾಲಬಾವಿಗೆ ಕೊಡೂದ ಅಂತಾರ. ಊರ ಬ್ಯಾರೆ, ನನಗ ಎರಡೂ ಒಂದರಿ ಅತ್ತಿ. ಹುಡುಗಿ ಇನ್ನೂ ಪರಕಾರ ಹಾಕ್ಕೊಂಡ ಕುಂಟಾಟ ಆಡ್ತೈತಿ."

ಎಷ್ಟು ವರ್ಷವಾಗಿತ್ತೋ, ಸೊಸೆ ಹೀಗೆ ಬಿಚ್ಚಿ ಮಾತಾಡಿ. ರುಕ್ಮವ್ವ ಕೋಣೆಗೆ ಹೋಗಿ ತುಪ್ಪದ ಗಡಿಗೆ ತಂದು ಸೊಸೆಯ ಮುಂದೆ ಇಟ್ಟಳು, ಎಮ್ಮೆಯ ಕಡೆ ಹೋದಳು.

ಐತವಾರ ಪಾಲಬಾವಿಯಿಂದ ಜೀಪು ಬಂತು. ಹುಡುಗನ ತಂದೆ, ಇನ್ನಿಬ್ಬರು ಹಿರಿಯರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ಅವಲಕ್ಕಿ, ಚಹಾ ಕೊಟ್ಟರು. ರಾವಸಾಹೇಬ ತಾಯಿಯನ್ನು ಬಾಗಿಲ ಮರೆಗೆ ಕರೆದು ಒಂದೇ ಉಸಿರಿಗೆ ಎಲ್ಲ ಹೇಳಿದ. "ಬಾಬ್ಯಾನ ಮಾರಿ ನೋಡಿ ಒಪ್ಪವ್ವ. ಇದೂ ಮುರದ್ರ ಅವಗ ಜನ್ಮದಾಗ ಹೆಣ್ಣ ಸಿಗಂಗಿಲ್ಲ," ಎಂದ. ಬಾಬಾಸಾಹೇಬ ಇಸ್ತ್ರಿಯ ಅಂಗಿ ತೊಟ್ಟು ಕಂಬಕ್ಕೆ ಒರಗಿ ನಿಂತಿದ್ದ, ಪರೀಕ್ಷೆಗೆ ಕೂತ ಹುಡುಗನ ಹಾಗೆ ಬೆವರುತ್ತ. ಹೆತ್ತ ಕರುಳು. ಅವನನ್ನು ನೋಡಿ ರುಕ್ಮವ್ವನಿಗೆ ಅಯ್ಯೋ ಅನ್ನಿಸಿತು.

ಹುಡುಗನ ತಂದೆ ಸಕ್ಕರೆಯ ಪುಡಿಕೆ, ಉಂಗುರದ ಡಬ್ಬಿ ತಟ್ಟೆಯಲ್ಲಿಟ್ಟು ಮುಂದೆ ಸರಿಸಿದರು. ಪುಡಿಕೆ ಬಿಚ್ಚಿ ಮೊದಲ ಸಕ್ಕರೆ ಹಂಚಬೇಕಾದವಳು ಮನೆಯ ಹಿರಿಯ ಹೆಣ್ಣುಮಗಳು. ಬಿಚ್ಚಿದರೆ ಮಾತು ಮುಗಿದಂತೆ.

"ಹಿರೇರು ನೀವು. ಒಂದ ಮಾತ ಕೇಳ್ತೀನ್ರಿ," ಎಂದರು ಅವರು. "ಕೂಸಿಗೆ ಹೆಸರಿಟ್ಟಾಕಿ ಸೋದರತ್ತಿ ಅಂತ ಕೇಳೀವಿ. ಆಕೀದೇನರ ಮಾತ ಐತೇನ್ರಿ? ಇದ್ರ ಹೇಳಿಬಿಡ್ರಿ, ಬ್ಯಾಸರಿಲ್ಲ. ಸೋದರತ್ತಿ ಹಕ್ಕ ದೊಡ್ಡದು. ಚಾ ಕುಡದ ನಕ್ಕೋಂತ ಎದ್ದ ಹೋಗ್ತೀವಿ."

ರಾವಸಾಹೇಬನ ಮುಖ ಬಿಳಿಚಿತು. ಹೌದು ಎಂದರೆ ಸಾಕು. ಯಾರ ಮಾನವೂ ಹೋಗುವುದಿಲ್ಲ, ಮಗನ ಸಂಬಂಧ ಮುರಿಯಿತು ಎಂದು ಊರೂ ಆಡಿಕೊಳ್ಳುವುದಿಲ್ಲ, ಮಗಳು ಅಕ್ಕವ್ವ ಹಾಲು ಕುಡಿದಷ್ಟು ಸಂತೋಷಪಡುತ್ತಾಳೆ. ಒಂದೇ ಶಬ್ದ. ಅದೂ ಸುಳ್ಳಲ್ಲ.

ಅಡಿಗೆಮನೆಯ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು, ಅವಳ ಹಿಂದೆ ಗಿರಿಜವ್ವ. ಹುಡುಗಿ ಅಜ್ಜಿಯ ಬಾಯಿಯನ್ನೇ ನೋಡುತ್ತಿದ್ದಳು. ಏನು ಬರುತ್ತದೆಂದು ಗೊತ್ತಿದ್ದವರ ನೋಟ ಅದು, ಆಸೆ ಬಿಟ್ಟ ನೋಟ. ರುಕ್ಮವ್ವನಿಗೆ ಅದನ್ನು ತಡೆದುಕೊಳ್ಳುವುದಾಗಲಿಲ್ಲ.

"ಇಲ್ರಿ," ಎಂದಳು. "ಆಕೀದ ಏನೂ ಮಾತಿಲ್ಲ. ಇದ್ರೂ ಇವತ್ತಿಗೆ ಮುಗೀತ್ರಿ."

ರಾವಸಾಹೇಬ ಉಸಿರು ಬಿಟ್ಟು ಪುಡಿಕೆಯನ್ನು ತಾಯಿಯ ಕೈಗೆ ಕೊಡಲು ಬಗ್ಗಿದ. ರುಕ್ಮವ್ವ ಕೈ ಚಾಚಲಿಲ್ಲ.

"ಇದನ್ನೂ ನಾ ಬಿಚ್ಚಂಗಿಲ್ರಿ. ಹುಡುಗೀನ ಯಾರಿಗೂ ಕೊಡೂದಿಲ್ಲ ಈಗ. ಗರ್ಲ್‌ದ ಏಜ್ ಸಣ್ಣದೈತಿ." ಮಗನ ಕಡೆ ತಿರುಗಿದಳು. "ಅಲ್ಲೇನೋ ರಾವಸಾಬ? ನಿನ್ನ ಮಾತ ಇದು. ಮದರ್ ಕಲ್ತಾಳ."

ಬಂದವರು ಬಹಳ ಹೊತ್ತು ಕೂರಲಿಲ್ಲ. ತಟ್ಟೆ ತಿರುಗಿ ಜೀಪಿಗೆ ಹೋಯಿತು. ಅವಲಕ್ಕಿ ಹಾಗೇ ಉಳಿಯಿತು.

ಬಾಬಾಸಾಹೇಬ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಮೊಮ್ಮಗಳ ನಿನ್ನಾಕಿ. ನಾ ನಿನ್ನ ಮಗಾ ಅಲ್ಲೇನವ್ವ?" ಎಂದ. ರುಕ್ಮವ್ವ ಅವನ ತಲೆ ಮುಟ್ಟಲು ಹೋದರೆ ಎದ್ದು ತೋಟದ ಹಾದಿ ಹಿಡಿದ. ಹಿಂದೆಯೇ ಕರೋಶಿಗೂ ಸುದ್ದಿ ಹೋಗುತ್ತದೆ, ಅಕ್ಕವ್ವ ಇನ್ನು ಯಾವ ಹಬ್ಬಕ್ಕೆ ಬಂದಾಳೋ. ಒಂದೇ ಮಧ್ಯಾಹ್ನ ಮಗನೂ ಹೋದ, ಮಗಳೂ ಹೋದಳು. ಮುದುಕಿ ಕಂಬ ಹಿಡಿದು ಅಲ್ಲೇ ಕೂತಳು.

ಎದುರಿಗೆ ರಾವಸಾಹೇಬ ನಿಂತ.

"ಛಲೋ ಮಾಡಿದಿ ಬಿಡ. ಇವತ್ತ ತಡದಿ, ನಾಳೆ ಮತ್ತೊಬ್ಬರು ಬರ್ತಾರ, ನಾಡದ ಮತ್ತೊಬ್ಬರು. ಆಕಿಗೆ ಹದಿನೆಂಟ ಆಗೂತನಾ ನಾ ಯಾರಿಗೂ ಹೂಂ ಅನಬಾರದು ಅಂತಿ. ಅಲ್ಲೀತನಾ ನೀ ಇರ್ತೀಯೇನ?"

ಅಂದವನಿಗೇ ಅದು ಹೆಚ್ಚಾಯಿತು ಅನ್ನಿಸಿರಬೇಕು, ಮುಖ ತಿರುಗಿಸಿದ. ಗಿರಿಜವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ರುಕ್ಮವ್ವನಿಗೆ ಆಗಲೇ ಎಪ್ಪತ್ತರ ಹತ್ತಿರ. ಕಾಲುವೆಯ ಏರಿ ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ, ಹೋದ ಚಳಿಗಾಲದಲ್ಲಿ ಮಿರಜಿನ ಡಾಕ್ಟರು ಬುತ್ತಿ ಹೊರಬೇಡ ಎಂದು ಹೇಳಿ ಕಳಿಸಿದ್ದರು. ಕಸ್ತೂರಿ ಬಾಗಿಲಿಂದ ಕದಲಿರಲಿಲ್ಲ.

"ಇರ್ತೀನಿ," ಎಂದಳು ರುಕ್ಮವ್ವ.

ಅಂದ ಮೇಲೆ ಅವಳಿಗೆ ಬಹಳ ಹೆದರಿಕೆಯಾಯಿತು.